ಕತ್ತಲು ಬೇಡುವ ಅವರೆ

ಜಕ್ಕೂರು ಕೆರೆಯ ಏರಿ ಇಳಿದು ಹಳೇ ಊರಿನ ಕಡೆ ತಿರುಗಿದರೆ, ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿಕೊಂಡಂತೆ ಹದಿನೈದು ಗುಂಟೆ ಹೊಲವೊಂದಿದೆ. ಹೊಲ ಮುನಿಆಂಜಿನಪ್ಪನದು, ಅದರೊಳಗಿನ ಅವರೆ ಮಾತ್ರ ಅವನ ಹೆಂಡತಿಯದು ಎಂದು ಊರಿನವರು ನಗೆಯಾಡುತ್ತಾರೆ. ಅದು ಸುಳ್ಳೇನಲ್ಲ. ಮುನಿಕೆಂಪಮ್ಮ ಮದುವೆಯಾಗಿ ಹೊರಟಾಗ ಅವಳ ತಾಯಿ ಮಡಿಲಕ್ಕಿಯ ಜೊತೆಗೆ ಒಂದು ಸೇರು ಬಿತ್ತನೆ ಅವರೆಯನ್ನೂ ಸೆರಗಿಗೆ ಸುರಿದಿದ್ದಳು. ಆ ತವರಿನ ಊರು ಈಗ ಅಗಲವಾದ ರಸ್ತೆಯಾಗಿದೆ, ಮನೆ ಎಲ್ಲಿತ್ತೆಂದು ಬಸ್ಸಿನಿಂದ ಇಣುಕಿ ನೋಡಿದರೂ ಗುರುತು ಹತ್ತುವುದಿಲ್ಲ. ತವರು ಎಂದು ಅವಳಿಗೆ ಉಳಿದಿರುವುದು ಈ ಅವರೆ ಒಂದೇ.

ಅಂಥ ಅವರೆಯನ್ನು ಈಗಿನ ಮಾರುಕಟ್ಟೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಮಾಗಿಯ ಮಂಜು ಬಿದ್ದ ಬೆಳಗ್ಗೆ ಕೊಯ್ದು ಸುಲಿದರೆ ಬೆರಳಿಗೆ ಹತ್ತಿದ ಸೊಗಡು ಎರಡು ಸಲ ಸೋಪು ಹಾಕಿದರೂ ಜಗ್ಗದು. ಹಿತಕಿದ ಬೇಳೆ ಸಾರು ಕುದಿಯುವ ದಿನ ಬೀದಿಗೆಲ್ಲ ಸುದ್ದಿ ಮುಟ್ಟುತ್ತದೆ. ಹಬ್ಬಕ್ಕೊಮ್ಮೆ ಬಿಟ್ಟರೆ ಬಾಡಿನ ಮುಖ ಕಾಣದಿದ್ದ ಮನೆಯಲ್ಲಿ ಅವರ ಮೂರು ಮಕ್ಕಳೂ ಮುದ್ದೆ ಮತ್ತು ಅವರೆ ಸಾರಿನಲ್ಲೇ ಬಲಿತು ಗಟ್ಟಿಮುಟ್ಟಾಗಿ ಎದ್ದು ನಿಂತರು. ಇನ್ನು ನೆಲದ ವಿಷಯಕ್ಕೆ ಬಂದರೆ, ತಾನು ಉಂಡು ಸುಮ್ಮನಾಗುವ ಜಾತಿಯ ಬೆಳೆ ಅದಲ್ಲ. ಬೇರಿನಿಂದ ಮಣ್ಣಿಗೂ ಉಣಿಸಿ, ಪಕ್ಕದ ಸಾಲಿನ ರಾಗಿಗೂ ಬಣ್ಣ ತರಿಸುತ್ತದೆ. ಇಷ್ಟೆಲ್ಲ ಮಾಡಿ ಬೇಲಿಯ ಮೇಲೆ ಏನೂ ಗೊತ್ತಿಲ್ಲದ ಹಾಗೆ ಹಬ್ಬಿಕೊಂಡಿರುತ್ತದೆ.

ಈ ಬೇಸಿಗೆಯಲ್ಲಿ ಅಕಾಲದ ಮಳೆ ಹೊಡೆದು, ಕೆಡದಿರಲೆಂದು ಕೆಮ್ಮಣ್ಣು ಕಟ್ಟಿ ಮಡಕೆಯಲ್ಲಿ ಇಟ್ಟಿದ್ದ ಬಿತ್ತನೆಗೆ ತೇವ ತಗುಲಿ ಹುಳ ಬಿತ್ತು. ಮುನಿಕೆಂಪಮ್ಮ ಮೊರದಲ್ಲಿ ಕೇರಿ, ಒಂದೊಂದೇ ಕಾಳನ್ನು ಆರಿಸಿ, ಉಳಿದದ್ದಷ್ಟನ್ನೂ ಆಷಾಢದಲ್ಲಿ ಬಿತ್ತಿದಳು. ಮಡಕೆ ಬರಿದಾಯಿತು. ಈ ಸಲ ಗಿಡದಲ್ಲಿ ಕಾಯಿ ಕಟ್ಟಿ ಒಣಗಿದರೆ ಬೀಜ ಉಂಟು, ಇಲ್ಲದಿದ್ದರೆ ಅವಳ ತಾಯಿಯ ಅವರೆ ಈ ಭೂಮಿಯ ಮೇಲೆ ಇಲ್ಲ.

ಅದಕ್ಕೇ ಮುನಿಆಂಜಿನಪ್ಪ ಕಾವಲಿಗೆ ಕಟ್ಟುನಿಟ್ಟಾಗಿ ನಿಂತ. ಕಾವಲು ಎಂದರೆ ಅವನಿಗೆ ಮೊದಲಿನಿಂದಲೂ ಒಂದು ಖಯಾಲಿ. ಕೆರೆಯ ಸುತ್ತ ವಾಕಿಂಗ್ ಬರುವವರು ಬೇಲಿಗೆ ಕೈ ಹಾಕಿದರೆ ಅವನ ಬಾಯಿ ಏರಿಯ ಆಚೆಗೂ ಕೇಳಿಸುತ್ತಿತ್ತು. ಹೋದ ಮಾಗಿಯಲ್ಲಿ ಅಪಾರ್ಟ್‌ಮೆಂಟಿನ ಹೆಂಗಸೊಬ್ಬಳು ದುಪಟ್ಟಾದಲ್ಲಿ ನಾಲ್ಕು ಕಾಯಿ ಕೊಯ್ದುಕೊಂಡದ್ದನ್ನು ಹಿಡಿದು, ನಾಲ್ಕು ಜನರ ಎದುರಿಗೆ ಕೊಡವಿಸಿ, ಅಷ್ಟನ್ನೂ ವಾಪಸ್ ಇಸಿದುಕೊಂಡಿದ್ದ. ಅಷ್ಟಕ್ಕೇ ಬಿಡದೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸರ್ಫರಾಜನ ಹತ್ತಿರ ಹೋಗಿ, ನಿಮ್ಮ ಕಡೆಯ ಕಳ್ಳರು ನಮಗೆ ಕಾಣಬೇಕು, ಕಾಂಪೌಂಡಿನ ಮೇಲೆ ಲೈಟು ಹಾಕಿಸಿ ಎಂದು ತಿಂಗಳುಗಟ್ಟಲೆ ಬೆನ್ನು ಬಿದ್ದ. ಸರ್ಫರಾಜ್ ಜಗಳವಾಡುವ ಆಸಾಮಿಯಲ್ಲ. ಈ ಬೇಸಿಗೆಯಲ್ಲಿ ಹೊಲದ ಕಡೆ ಮುಖ ಮಾಡಿ ಒಂದು ದೊಡ್ಡ ಫೋಕಸ್ ಲೈಟು ಹಾಕಿಸಿಕೊಟ್ಟ. ಸಂಜೆಯಾದರೆ ಹೊಲದಲ್ಲಿ ಬಿದ್ದ ಸೂಜಿಯನ್ನೂ ಹುಡುಕಬಹುದಿತ್ತು. ಮುನಿಆಂಜಿನಪ್ಪ ಟೀ ಅಂಗಡಿಯಲ್ಲಿ ಅದರ ಪ್ರತಾಪವನ್ನು ಹೇಳಿ ಹೇಳಿ, ಕೇಳುವವರು ಎದ್ದು ಹೋಗುವ ಹಾಗಾಯಿತು.

ಅವರೆ ಸೊಂಪಾಗಿ ಬೆಳೆಯಿತು. ಎಲೆ ಅಂಗೈಯಗಲ, ಬಳ್ಳಿ ಮೊಳಕಾಲು ಮುಚ್ಚುವಷ್ಟು. ದಸರೆ ಕಳೆಯಿತು, ದೀಪಾವಳಿ ಕಳೆಯಿತು, ಒಂದು ಹೂವಿಲ್ಲ. ಗೊಬ್ಬರ ಹೆಚ್ಚಾಯಿತೇನೋ ಎಂದುಕೊಂಡ, ದೃಷ್ಟಿಬೊಂಬೆ ನೆಟ್ಟ. ಕೊನೆಗೆ ಅವನ ತಲೆಗೆ ತನಗೆ ತಕ್ಕ ಯೋಚನೆಯೇ ಬಂತು: ಕಳ್ಳರು ಈಗ ಹೂವನ್ನೇ ಕೀಳುತ್ತಿದ್ದಾರೆ! ಸರ್ಫರಾಜನನ್ನು ಕಾಡಿ ಇನ್ನೊಂದು ಲೈಟು ಹಾಕಿಸಿ, ತಾನೂ ಕುರ್ಚಿ ಹಾಕಿಕೊಂಡು ಕೋಲು ಹಿಡಿದು ಕೂತ.

ಮುನಿಕೆಂಪಮ್ಮ ಏನೂ ಅನ್ನಲಿಲ್ಲ. ದಿನಾ ಬೆಳಗ್ಗೆ ಎಲೆ ಎತ್ತಿ ನೋಡುವಳು, ಮನೆಗೆ ಬಂದು ಅರ್ಧ ಮುದ್ದೆಗೆ ಕೈ ತೊಳೆಯುವಳು. ಬೈಯುವ ಹೆಂಡತಿಯನ್ನು ಅವನು ನಲವತ್ತು ವರ್ಷದಿಂದ ನಿಭಾಯಿಸಿದ್ದ. ಈ ಸುಮ್ಮನಿರುವ ಹೆಂಡತಿಯನ್ನು ನಿಭಾಯಿಸುವುದು ಅವನಿಗೆ ತಿಳಿಯದು.

ಕಾರ್ತಿಕ ಮುಗಿಯುತ್ತಿದ್ದ ಒಂದು ಸಂಜೆ ಅವಳು ಮೋಟರ್ ಮನೆಯ ಹಿಂದಿನಿಂದ ಕರೆದಳು. ಹೋಗಿ ನೋಡಿದರೆ, ಗೋಡೆಯ ಮರೆಯಲ್ಲಿದ್ದ ಏಳೆಂಟು ಗಿಡಗಳಲ್ಲಿ ಹೂವಿನ ಗೊಂಚಲು ತುಂಬಿ ನಿಂತಿದೆ. ಒಂದು ಮಾರು ಈಚೆಗಿದ್ದ ಗಿಡದಲ್ಲಿ ಬರೀ ಸೊಪ್ಪು. ಅವನಿಗೆ ಬಗೆಹರಿಯಲಿಲ್ಲ. ಅಷ್ಟರಲ್ಲಿ ಕಾಂಪೌಂಡಿನ ಲೈಟುಗಳು ಹತ್ತಿಕೊಂಡವು. ಮೋಟರ್ ಮನೆಯ ನೆರಳು ನೆಲದ ಮೇಲೆ ಚಾಚಿ, ಸರಿಯಾಗಿ ಆ ಹೂ ಬಿಟ್ಟ ಗಿಡಗಳನ್ನಷ್ಟೇ ಮುಚ್ಚಿಕೊಂಡಿತು.

“ನೋಡಿ, ಕತ್ಲಿರೋ ತಾವ ಊವೈತೆ. ನಮ್ಮವ್ವ ಏಳೋಳು, ರಾತ್ರಿ ಉದ್ದ ಆಗೋವರ್ಗೂ ಅವ್ರೆ ಊವು ಬಿಡಲ್ಲ ಅಂತ. ಇದಕ್ಕೆ ನೀವು ರಾತ್ರಿನೇ ತೋರಿಸ್ಲಿಲ್ವಲ್ಲ” ಅಂದಳು ಮುನಿಕೆಂಪಮ್ಮ.

ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವ ಮಾತನ್ನು ಅವನು ಊರಿನಲ್ಲಿ ಎಷ್ಟು ಜನರಿಗೆ ಅಂದಿದ್ದನೋ. ಈಗ ಆ ಬೇಲಿ ತಾನೇ ಆಗಿದ್ದ. ಕಾಯಿಗಳನ್ನು ಎಷ್ಟು ಚೆನ್ನಾಗಿ ಕಾದಿದ್ದನೆಂದರೆ, ಅವು ಹುಟ್ಟಲೇ ಇಲ್ಲ.

ಲೈಟು ಆರಿಸುವುದೇನೋ ಸರಿ, ಹಾಕಿಸಲು ಕುಣಿದ ಬಾಯಲ್ಲೇ ಆರಿಸಿ ಅನ್ನುವುದು ಹೇಗೆ? ಬೆಳಗ್ಗೆ ಹೋಗೋಣ ಎಂದ. ಮುನಿಕೆಂಪಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು, ಅವನು ಹಿಂದೆ ನಡೆದ. ಸರ್ಫರಾಜ್ ಒಳಗೆ ಕರೆದು ಕೂರಿಸಿದ, ವಿಷಯ ಕೇಳಿ ನಗು ತಡೆದುಕೊಂಡ. ಎರಡನೇ ಲೈಟು ಹಾಕಿಸಿ ಇನ್ನೂ ಹದಿನೈದು ದಿನವಾಗಿಲ್ಲ, ಕಮಿಟಿಗೆ ಏನು ಹೇಳಲಿ ಎಂದ. ಆಗ ಒಳಗಿನಿಂದ ಅವನ ಹೆಂಡತಿ ಗಜಾಲಾ ಕಂಕುಳಲ್ಲಿ ಐದಾರು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. ಮುನಿಆಂಜಿನಪ್ಪನಿಗೆ ಮುಖದ ಗುರುತು ಹತ್ತಿತು. ದುಪಟ್ಟಾ ಕೊಡವಿಸಿದ್ದು ಇವಳದನ್ನೇ.

ಮುನಿಕೆಂಪಮ್ಮನಿಗೆ ಅದೇನೂ ಗೊತ್ತಿಲ್ಲ. ಮಗುವಿನ ಕೆನ್ನೆ ಸವರಿ, ಯಾವ ತಿಂಗಳಲ್ಲಿ ಹುಟ್ಟಿತು ಎಂದು ಕೇಳಿದಳು. ಜೂನ್‌ನಲ್ಲಿ ಎಂದವಳೇ ಗಜಾಲಾ, ಮುನಿಆಂಜಿನಪ್ಪನ ಕಡೆ ನೋಡಿ, ಮೆಲ್ಲಗೆ ಹೇಳಿದಳು:

“ಅಂಕಲ್, ಅವತ್ತು ನೀವು ಕಾಯಿ ವಾಪಸ್ ಇಸ್ಕೊಂಡಾಗ ಇವ್ನು ಹೊಟ್ಟೇಲಿದ್ದ. ಡಾಕ್ಟ್ರು ರಕ್ತ ಕಮ್ಮಿ ಇದೆ, ಕಾಳು ಬೇಳೆ ತಿನ್ನಿ ಅಂತಿದ್ರು, ಏನ್ ತಿಂದ್ರೂ ವಾಂತಿ. ನಿಮ್ಮ ಹೊಲದ ಹತ್ರ ಬಂದ್ರೆ ಆ ವಾಸ್ನೆಗೆ ಮಾತ್ರ ಹಸಿವಾಗ್ತಿತ್ತು. ನಮ್ಮಮ್ಮಿ ಮನೇಲಿ ಅವರೆಕಾಯಿ ಖೀಮಾ ಮಾಡ್ತಿದ್ರು. ಕೇಳ್ಬೇಕಿತ್ತು, ತಪ್ಪು ನಂದೇ.”

ಬಸುರಿಯ ಬಯಕೆಯನ್ನು ಕೈಯಿಂದ ಕಿತ್ತುಕೊಳ್ಳುವುದು ಆ ಊರಿನಲ್ಲಿ ಶತ್ರುವಿಗೂ ಮಾಡದ ಕೆಲಸ. ಮುನಿಆಂಜಿನಪ್ಪನಿಗೆ ಕುರ್ಚಿಯಿಂದ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಹೆಂಡತಿಯ ಮುಖವನ್ನಂತೂ ನೋಡಲೇ ಇಲ್ಲ. ಗಜಾಲಾ ಗಂಡನಿಗೆ ತಮ್ಮ ಭಾಷೆಯಲ್ಲಿ ಏನೋ ಅಂದಳು. ಸರ್ಫರಾಜ್ ಎದ್ದು ಹೋಗಿ ಎರಡೂ ಲೈಟುಗಳ ಸ್ವಿಚ್ಚು ಆರಿಸಿ ಬಂದ. ಕಮಿಟಿಗೆ ತಾನೇ ಹೇಳಿಕೊಳ್ಳುತ್ತೇನೆ ಎಂದ.

ಮಾರ್ಗಶಿರದಲ್ಲಿ ಅವರೆ ಹೂ ಬಿಟ್ಟಿತು. ಕಾಲ ಮೀರಿದ ಹೂವು, ತೆಳ್ಳಗೆ, ಅಲ್ಲೊಂದು ಇಲ್ಲೊಂದು. ಹೊಲವಿಡೀ ನೇರಳೆಯಾಗುತ್ತಿದ್ದ ವರ್ಷಗಳ ಮುಂದೆ ಇದು ಏನೂ ಅಲ್ಲ. ಮೋಟರ್ ಮನೆಯ ಹಿಂದಿನ ಗಿಡಗಳಲ್ಲಿ ಮಾತ್ರ ಮೊದಲೇ ಹೂವಾಗಿದ್ದರಿಂದ ಕಾಯಿ ತುಂಬಿ ಬಂತು. ಒಂದಕ್ಕೂ ಕೈ ಹಚ್ಚದೆ ಎಲ್ಲವನ್ನೂ ಗಿಡದಲ್ಲೇ ಒಣಗಿಸಬೇಕೆಂದು ಮುನಿಆಂಜಿನಪ್ಪ ಲೆಕ್ಕ ಹಾಕಿಕೊಂಡಿದ್ದ. ಸಂಕ್ರಾಂತಿಯ ಹಿಂದಿನ ಬೆಳಗ್ಗೆ ಹೊಲಕ್ಕೆ ಬಂದರೆ ಮುನಿಕೆಂಪಮ್ಮ ಅದೇ ಗಿಡಗಳಲ್ಲಿ, ದಪ್ಪ ದಪ್ಪ ಕಾಯಿಗಳನ್ನು ಆರಿಸಿ ಕೊಯ್ದು ಮಡಿಲು ತುಂಬಿಸಿಕೊಳ್ಳುತ್ತಿದ್ದಾಳೆ. ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಬಿತ್ತನೆಗೆ ಕಮ್ಮಿ ಬೀಳುತ್ತದಲ್ಲ ಎಂದು ಮಾತ್ರ ಗೊಣಗಿದ.

“ಬಸ್ರಿ ಬಾಯಿಂದ ಕಿತ್ಕೊಂಡಿರೋ ಬೀಜ ಬಿತ್ತಿದ್ರೆ ಮೊಳೀತದಾ?” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯಿ ಕೊಯ್ಯುತ್ತಲೇ ಇದ್ದಳು.

ತಾಯಿಯದೆಂದು ಉಳಿದಿದ್ದ ಅಷ್ಟರಲ್ಲೇ ಒಂದು ಮಡಿಲು ತೆಗೆದು ಕೊಟ್ಟುಬಂದಳು. ಈ ಹೆಂಗಸಿನ ಜೊತೆ ಇಷ್ಟು ವರ್ಷ ಬಾಳಿ ಇವಳ ದೊಡ್ಡತನವನ್ನು ತಾನು ಸರಿಯಾಗಿ ಅಳೆದೇ ಇರಲಿಲ್ಲ ಎಂದು ಮುನಿಆಂಜಿನಪ್ಪನಿಗೆ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗೆಲ್ಲಿಯದು? ಮಧ್ಯಾಹ್ನ ಅವಳ ತಟ್ಟೆಗೆ ತಾನೇ ಮುದ್ದೆ ಇಕ್ಕಿದ. ಅವಳು ಒಮ್ಮೆ ತಲೆಯೆತ್ತಿ ಅವನನ್ನು ನೋಡಿ, ಪೂರ್ತಿ ಉಂಡಳು.

ಹಬ್ಬ ಕಳೆದು ಕೆಲವು ದಿನಕ್ಕೆ, ಸಂಜೆ ಆಗಷ್ಟೇ ಕತ್ತಲು ಕವಿದಿತ್ತು. ಮೋಟರ್ ಮನೆಯ ಹತ್ತಿರ ಉಳಿದ ಕಾಯಿಗಳು ಒಣಗತೊಡಗಿದ್ದವು. ಮುನಿಆಂಜಿನಪ್ಪ ಕುರ್ಚಿಯಲ್ಲಿ ಕೂತಿದ್ದ. ಅಲ್ಲೇ ಬೇಲಿಯಲ್ಲಿ ಸರಸರ ಸದ್ದಾಯಿತು, ಬಳ್ಳಿ ಎಳೆದಂತಾಯಿತು, ಕೈಬಳೆ ಕಿಣಿ ಎಂದಿತು. ಹಳೆಯ ಕೂಗು ಗಂಟಲವರೆಗೆ ಬಂತು, ಕೈ ಕೋಲಿನ ಮೇಲೆ ಹೋಯಿತು. ಯಾರೆಂದು ಕಣ್ಣರಳಿಸಿ ನೋಡಿದ. ಏನೂ ಕಾಣಲಿಲ್ಲ. ಎಳೆಯವಳೋ, ಮುದುಕಿಯೋ, ಬಸುರಿಯೋ, ಬಾಣಂತಿಯೋ, ಆ ಕತ್ತಲಲ್ಲಿ ಯಾರಿಗೆ ಗೊತ್ತು?

“ಯಾರವ್ವ ಅದು? ಅದು ಬಿತ್ತನೇದು, ಮುಟ್ಬ್ಯಾಡ. ಈ ಕಡೆ ಬಾ, ಎಳೇದೈತೆ” ಅಂದ.

ಸದ್ದು ನಿಂತಿತು. ಓಡಿಹೋದಳೋ, ಅಲ್ಲೇ ನಿಂತಳೋ ತಿಳಿಯಲಿಲ್ಲ. ಅವಳಿಗೆ ಸಂಕೋಚವಾಗದಿರಲೆಂದು ಕುರ್ಚಿಯನ್ನು ಕೆರೆಯ ಕಡೆಗೆ ತಿರುಗಿಸಿ ಕೂತ. ಸ್ವಲ್ಪ ಹೊತ್ತಿನ ಮೇಲೆ ಬೆನ್ನ ಹಿಂದೆ, ಅವನು ಹೇಳಿದ ಕಡೆಯಲ್ಲೇ, ಕಾಯಿ ಕೊಯ್ಯುವ ಸದ್ದು ನಿಧಾನವಾಗಿ ಶುರುವಾಯಿತು.