ಮಿಕ್ಸಿ ಅಜ್ಜಿ

ಊಟಕ್ಕೆ ಕೂತ ಮಗುವಿನ ಮುಖವನ್ನು ಆಕೆ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ತಿರುಗಿ ಬಂದ ತಟ್ಟೆಯನ್ನು. ಶಿಶುವಿಹಾರದ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎಂಬತ್ತು ತಟ್ಟೆಗಳನ್ನೂ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರ ಗಾಂಭೀರ್ಯದಿಂದ ಪರೀಕ್ಷಿಸುತ್ತಿದ್ದಳು. ಕ್ಯಾರೆಟ್ ಚೂರುಗಳು ಅಂಚಿನಲ್ಲಿ ಸಾಲಾಗಿ ನಿಂತಿದ್ದರೆ ಅದು ಕಿಟಕಿ ಪಕ್ಕದ ಹುಡುಗನ ತಟ್ಟೆ. ಬಟಾಣಿಯೆಲ್ಲ ಲೋಟದ ಕೆಳಗೆ ಅಡಗಿದ್ದರೆ ಅವಳಿ ಮಕ್ಕಳಲ್ಲಿ ಚಿಕ್ಕವಳದ್ದು. ಮಕ್ಕಳ ಹೆಸರು ಆಕೆಗೆ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಯಾರು ಏನನ್ನು ಬಿಡುತ್ತಾರೆಂಬುದು ಮಾತ್ರ ಮರೆಯುತ್ತಿರಲಿಲ್ಲ.

ದೊಡ್ಡ ಪಾತ್ರೆಗಳನ್ನು ಎತ್ತಿ ಎತ್ತಿ ನಡಿಗೆ ಎಡಕ್ಕೆ ವಾಲಿತ್ತು. ಮಾತು ಕಡಿಮೆ; ಆಡಿದ ಮಾತಿನ ಬಾಲಕ್ಕೆಲ್ಲ 'ಅಷ್ಟೇ ತಾನೆ' ಅಂಟಿಕೊಂಡಿರುತ್ತಿತ್ತು. ಬೇಸಗೆಯಲ್ಲೂ ಬಿಡದ ಬೂದು ಸ್ವೆಟರಿನ ಜೇಬಿನಲ್ಲಿ ರುಚಿ ನೋಡುವ ಚಮಚ. ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯ ಬಾಗಿಲು ಮುಚ್ಚಿ, ಮಕ್ಕಳು ಕಂಡರೆ ಮೂಗು ಮುರಿಯುವ ತರಕಾರಿಗಳನ್ನೆಲ್ಲ ನುಣ್ಣಗೆ ರುಬ್ಬಿ, ಅವುಗಳ ಗುರುತೇ ಸಿಗದಂತೆ ಮಾಡುವುದು ಆಕೆಯ ಹಠ. ಆ ಸದ್ದಿನಿಂದಲೇ ಮಕ್ಕಳು 'ಮಿಕ್ಸಿ ಅಜ್ಜಿ' ಎಂದು ಕರೆಯುತ್ತಿದ್ದವು. ಒಳಗಿನ ಗುಟ್ಟು ಗೊತ್ತಿದ್ದದ್ದು ಪಾತ್ರೆ ತೊಳೆಯುವ ಹೆಂಗಸಿಗೆ ಮಾತ್ರ.

"ಅಕ್ಕಾ, ಇವತ್ತು ಯಾರನ್ನ ರುಬ್ಬಿದ್ರಿ?"

"ಕುಂಬಳಕಾಯಿ. ಬೇಳೆ ಒಳಗೆ ಹೋಗಿ ಕೂತಿದೆ. ಬಾಯಿ ಬಿಟ್ಟೀಯಾ, ಜೋಕೆ."

"ನಾನ್ಯಾಕೆ ಬಿಡ್ಲಿ? ನಮ್ಮನೆಯವ್ರಿಗೂ ಹೀಗೇ ಸ್ವಲ್ಪ ಬುದ್ಧಿ ರುಬ್ಬಿ ಕೊಡಿ, ಅನ್ನಕ್ಕೆ ಕಲಸಿಬಿಡ್ತೀನಿ."

ಒಂದು ಸಲ ಬಿಟ್ಟದ್ದು ಮುಂದಿನ ಸಲ ಮಿಕ್ಸಿಗೆ ಹೋಗುತ್ತಿತ್ತು; ಆಮೇಲೆ ತಟ್ಟೆಗಳು ಬರಿದಾಗಿ ಬರುತ್ತಿದ್ದವು. ಉಂಡ ಮಗು ಬೆಳೆಯುತ್ತದೆ, ಏನನ್ನು ಉಂಡೆನೆಂದು ಅದಕ್ಕೇಕೆ ತಿಳಿಯಬೇಕು ಎಂಬುದು ಆಕೆಯ ಗಟ್ಟಿ ನಂಬಿಕೆಯಾಗಿತ್ತು.

ಆ ನಂಬಿಕೆ ಕುಸಿದದ್ದು ಸ್ವಂತ ಮನೆಯ ಅಡುಗೆಮನೆಯಲ್ಲಿ. ಜೊತೆಯಲ್ಲೇ ಇದ್ದ ಮಗಳಿಗೆ ಐದು ವರ್ಷದ ಹುಡುಗಿ. ಮುಖ ಬಿಳಿಚಿಕೊಂಡು, ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಡಾಕ್ಟರು ರಕ್ತ ಪರೀಕ್ಷಿಸಿ, "ರಕ್ತ ತುಂಬಾ ಕಮ್ಮಿ ಇದೆ. ಔಷಧಿ ಕೊಟ್ಟಿದ್ದೀನಿ, ಆದರೆ ಊಟ ಒಳಗೆ ಹೋಗದೆ ಔಷಧಿ ಒಂದೇ ಏನು ಮಾಡೀತು? ಸೊಪ್ಪು, ಕಾಳು, ಮೊಟ್ಟೆ ಕೊಡಿ. ಆರು ವಾರ ನೋಡೋಣ. ಏರಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ" ಎಂದರು. ಅಜ್ಜಿಗೆ ಚಿಂತೆಯಾಗಲಿಲ್ಲ. ಎಂಬತ್ತು ಮಕ್ಕಳಿಗೆ ಉಣಿಸಿದ ಕೈಗೆ ಇದೊಂದು ಯಾವ ಲೆಕ್ಕ? ದಿನಾ ಬೆಳಿಗ್ಗೆ ಸೊಪ್ಪು ರುಬ್ಬಿ, ಕೋಕೋ ಹಾಕಿ ಬಣ್ಣ ಮುಚ್ಚಿ, ಗಂಜಿಯಲ್ಲಿ ಬೆರೆಸಿ ಕೊಟ್ಟಳು. ಎರಡು ವಾರ ನಡೆಯಿತು.

ಒಂದು ದಿನ ಹುಡುಗಿ ಬೇಗ ಎದ್ದು ನೀರಿಗೆಂದು ಬಂದವಳು ಮಿಕ್ಸಿ ಜಾರಿನ ತಳದಲ್ಲಿ ಹಸಿರನ್ನು ಕಂಡಳು. ಪಕ್ಕದಲ್ಲೇ ಕೋಕೋ ಡಬ್ಬ. ಸುಮ್ಮನೆ ಬಂದು ಬಟ್ಟಲಿನ ಮುಂದೆ ಕೂತಳು.

"ಅಜ್ಜೀ, ಇದ್ರಲ್ಲಿ ಏನೇನಿದೆ?"

"ಹಾಲು, ಕೋಕೋ, ಬೆಲ್ಲ. ಅಷ್ಟೇ ತಾನೆ."

ಹುಡುಗಿ ಎದ್ದು ಹೋಗಿ ಜಾರನ್ನು ಎರಡೂ ಕೈಯಲ್ಲಿ ತಬ್ಬಿ ತಂದು ಬಟ್ಟಲಿನ ಪಕ್ಕದಲ್ಲಿಟ್ಟಳು. ಅಳಲಿಲ್ಲ, ರಂಪ ಮಾಡಲಿಲ್ಲ. ಅಜ್ಜಿ ಮಾಡಿದ್ದನ್ನು ತಿನ್ನುವುದನ್ನು ನಿಲ್ಲಿಸಿಬಿಟ್ಟಳು. ಅನ್ನವನ್ನು ಅಗುಳು ಅಗುಳಾಗಿ ಬಿಡಿಸಿ ನೋಡಿ ತಟ್ಟೆ ಸರಿಸುವಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಡುವಳು. ಮೂರನೆಯ ದಿನಕ್ಕೆ ಹಾಸಿಗೆಯಿಂದ ಏಳುವುದೂ ನಿಧಾನವಾಯಿತು.

"ಊರಮಕ್ಕಳಿಗೆಲ್ಲ ಉಣಿಸ್ತೀಯಲ್ಲಮ್ಮಾ, ಇವಳು ನಿನ್ನ ಕೈತುತ್ತು ಕಂಡ್ರೆ ಬಾಯಿ ಮುಚ್ಕೋತಾಳೆ" ಎಂದು ಮಗಳು ಕಣ್ಣೀರು ಹಾಕಿದಳು.

ಅಜ್ಜಿ ಮಂಚದ ಬಳಿ ಕೂತು, "ಏನು ತಿಂತೀಯಾ ಹೇಳು ಮರೀ" ಎಂದಳು.

"ಸಿಪ್ಪೆ ಇರೋದು ಮಾತ್ರ."

"ಯಾಕೆ?"

"ಸಿಪ್ಪೆ ಒಳಗೆ ನಿಂಗೆ ಏನೂ ಹಾಕೋಕಾಗಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಆಕೆ ಎದ್ದು ಹೋದಳು. ಅರ್ಧ ಗಂಟೆಯ ಮೇಲೆ ದೊಡ್ಡ ತಟ್ಟೆ ಹಿಡಿದು ಬಂದಳು: ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಬಾಯಿ ಬಿಚ್ಚದ ಬಟಾಣಿ ಕಾಯಿಗಳು, ಕಡಲೆಕಾಯಿ, ಕಿತ್ತಳೆ, ಬೆಂದ ಗೆಣಸು. ತಟ್ಟೆಯನ್ನಿಟ್ಟು ತಾನು ನೆಲದ ಮೇಲೆ ಕೂತಳು.

"ತಪ್ಪಾಯ್ತು ಮರೀ. ನೀನು ಕೇಳ್ದೆ, ನಾನು ಸುಳ್ಳು ಹೇಳ್ದೆ."

ಹುಡುಗಿ ಮೊಟ್ಟೆಯನ್ನು ಮಂಚದ ಕಾಲಿಗೆ ಕುಟ್ಟಿದಳು. "ಇನ್ನೂ ಯಾವ್ಯಾವುದ್ರಲ್ಲಿ ಹಾಕಿದ್ದೆ?"

"ಬೇಳೇಲಿ ಕುಂಬಳಕಾಯಿ. ರೊಟ್ಟೀಲಿ ಕ್ಯಾರೆಟ್."

"ನನ್ನ ಹುಟ್ಟುಹಬ್ಬದ ಕೇಕಲ್ಲಿ?"

ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಸೋರೆಕಾಯಿ."

"ಕೇಕಲ್ಲೂನಾ!" ಎಂದು ಕಣ್ಣರಳಿಸಿದವಳು, ಆಘಾತದಲ್ಲೇ ಅರ್ಧ ಮೊಟ್ಟೆ ನುಂಗಿದಳು.

ವಾರದ ಮೇಲೆ ಸೊಪ್ಪಿನ ಸರದಿ ಬಂತು. ಸೊಪ್ಪಿಗೆ ಸಿಪ್ಪೆಯಿಲ್ಲವಲ್ಲ; ಅದಕ್ಕೆ ಹುಡುಗಿ ಸ್ಟೂಲಿನ ಮೇಲೆ ನಿಂತು ತಾನೇ ಎಲೆ ಬಿಡಿಸಿ, ತಾನೇ ಪಾತ್ರೆಗೆ ಹಾಕಿ, ಬೇಯುವವರೆಗೆ ಕಾವಲಿದ್ದಳು. ಮೂರು ಚಮಚ ತಿಂದು, "ಚೆನ್ನಾಗಿಲ್ಲ" ಎಂದಳು. ಅಜ್ಜಿ ಒತ್ತಾಯ ಮಾಡಲಿಲ್ಲ. ನಾಲ್ಕನೆಯದನ್ನು ಹುಡುಗಿ ತಾನಾಗಿ ತೆಗೆದುಕೊಂಡಳು. ಆರನೆಯ ವಾರ ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ, "ಏರ್ತಾ ಇದೆ. ಇನ್ನೂ ಸಾಲದು, ಆದ್ರೆ ಆಸ್ಪತ್ರೆ ಬೇಡ" ಎಂದರು.

ಮರುದಿನ ಶಿಶುವಿಹಾರದಲ್ಲಿ ಬಡಿಸುವ ಮುಂಚೆ ಆಕೆ ಬಾಗಿಲಲ್ಲಿ ನಿಂತು, ಜನರೆದುರು ಮಾತಾಡಿ ಅಭ್ಯಾಸವಿಲ್ಲದ ದನಿಯಲ್ಲಿ, "ಬೇಳೇಲಿ ಕುಂಬಳಕಾಯಿ ಇದೆ. ರುಬ್ಬಿಲ್ಲ, ಕಾಣುತ್ತೆ. ಬೇಡದವ್ರು ಬಿಡಬಹುದು" ಎಂದಳು. ಬಿಟ್ಟವರೇ ಹೆಚ್ಚು.

ಮೇಲ್ವಿಚಾರಕಿ ಬಕೆಟ್ಟಿಗೆ ಬಿದ್ದ ಹೋಳುಗಳನ್ನು ನೋಡಿ, "ಏನಮ್ಮಾ, ಕೈರುಚಿ ಕೆಟ್ಟಿತಾ?" ಎಂದರು.

"ಕೈ ಹಾಗೇ ಇದೆ ಮೇಡಂ, ನಾಲಿಗೆ ನೆಟ್ಟಗಾಗಿದೆ. ಒಂದಿಷ್ಟು ದಿನ ತಾಳಿ."

ಉಣಿಸುವವರ ಪ್ರೀತಿಗೆ ಯಾವಾಗಲೂ ಒಂದು ಆತುರವಿರುತ್ತದೆ. ಮಗುವಿನ ಹೊಟ್ಟೆ ತುಂಬಿದರೆ ಸಾಕು, ಉಳಿದದ್ದೆಲ್ಲ ಆಮೇಲೆ ಎನ್ನುವ ಆ ಆತುರದಲ್ಲಿ ಅವರು ಆಡುವ ಸಣ್ಣ ಸುಳ್ಳುಗಳನ್ನು ಲೋಕ ಜಾಣತನವೆಂದೇ ಹೊಗಳುತ್ತದೆ. ಆದರೆ ಮಗು ಊಟಕ್ಕಿಂತ ಮೊದಲು ಉಣಿಸುವ ಕೈಯನ್ನು ನಂಬಿರುತ್ತದೆ. ಆ ನಂಬಿಕೆ ಹೋದ ಮೇಲೆ ಪೌಷ್ಟಿಕಾಂಶ ಎಷ್ಟಿದ್ದರೂ ಅದು ತುಟಿಯಾಚೆಯೇ ಉಳಿಯುತ್ತದೆ. ಇದನ್ನು ಅರವತ್ತು ದಾಟಿದ ಮೇಲೂ ಕಲಿಯಬಲ್ಲವರು, ಐದು ವರ್ಷದವರ ಮುಂದೆ ನೆಲದ ಮೇಲೆ ಕೂತು ತಪ್ಪೊಪ್ಪಿಕೊಳ್ಳಬಲ್ಲವರು ಕೆಲವರು ಇದ್ದಾರೆ. ಇವತ್ತು ನಿಜ ಹೇಳಿ ಬಡಿಸುತ್ತಾರೆ, 'ಬೇಡ' ಅನ್ನಿಸಿಕೊಳ್ಳುತ್ತಾರೆ, ಮುಖ ಸಣ್ಣದು ಮಾಡಿಕೊಳ್ಳದೆ ನಾಳೆ ಮತ್ತೆ ಒಲೆ ಹೊತ್ತಿಸುತ್ತಾರೆ.