ಕೆರೆಗೆ ಹೋದ ಬಚ್ಚಲ ಕದ

ಹೊಸ ಮನೆಗೆ ಬಾಗಿಲುಗಳ ಮರ ಕೊಳ್ಳಲು ಹೋದ ಗಂಡ ದೋಣಿ ತಂದರೆ ಹೆಂಡತಿಯಾದವಳು ಏನು ಮಾಡಬೇಕು? ಶರಣವ್ವ ಮೊದಲ ದಿನ ಊಟ ಬಿಟ್ಟಳು. ಎರಡನೆಯ ದಿನ ಹಸಿವಾಯಿತು, ಉಂಡಳು. ದೋಣಿ ಮಾತ್ರ ಆರ್.ಟಿ. ನಗರದ ಆ ಅಂಗಳದಲ್ಲಿ ಹಾಗೇ ಇತ್ತು.

ಅದು ಎಪ್ಪತ್ತೊಂಬತ್ತನೆಯ ಇಸವಿ. ಕಾಶಿನಾಥ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವವನು. ಬಾದಾಮಿ ಕಡೆಯವನು, ಮಳೆಯನ್ನೇ ಅಪರೂಪಕ್ಕೆ ಕಂಡವನು. ಗೊರಗುಂಟೆಪಾಳ್ಯದ ಮರದ ಮಂಡಿಯಲ್ಲಿ ಬಿಳಿಯರ ಕಾಲದ ತೇಗದ ಹಾಯಿದೋಣಿಯೊಂದನ್ನು ಸೀಳಲು ಗರಗಸ ಮಸೆಯುತ್ತಿದ್ದರಂತೆ. ಇವನ ಕರುಳು ಚುರ್ ಎಂದಿತು. ಇಪ್ಪತ್ತಡಿ ಉದ್ದ, ಎತ್ತರದ ಕಂಬ, ನಡುವೆ ಇಬ್ಬರು ಮುದುಡಿ ಮಲಗುವಷ್ಟು ಪುಟ್ಟ ಕೋಣೆ.

"ಪಂದ್ಯಾನೂ ಆಡಬಹುದು, ರವಿವಾರ ಬುತ್ತಿ ಕಟಗೊಂಡು ಮನಿಮಂದಿಯೆಲ್ಲಾ ತಿರುಗ್ಯಾಡಿ ಬರಬಹುದು," ಎಂದ.

"ಬಾಗಲಾ?"

"ಬರತಾವ ತಗೋ."

ಬಂದದ್ದು ಎರಡೇ: ಬೀದಿಯ ಬಾಗಿಲು, ಬಚ್ಚಲ ಕದ. ಅಷ್ಟರಲ್ಲಿ ದೋಣಿಯೊಳಗೆ ಕಾಲಿಡುವ ಹಲಗೆಗಳು ಗೆದ್ದಲು ಹಿಡಿದದ್ದು ಕಾಣಿಸಿತು. ಕಾಶಿನಾಥ ಅಳತೆಯ ಟೇಪು ಹಿಡಿದು ಮನೆಯೆಲ್ಲ ಅಲೆದ. ಬಚ್ಚಲ ಕದ ಹೇಳಿ ಮಾಡಿಸಿದಂತೆ ದೋಣಿಯ ತಳದಲ್ಲಿ ಕೂತಿತು. ಇನ್ನೊಂದು ಕದ ಮಾಡಿಸಬಹುದಿತ್ತಲ್ಲ ಎನ್ನಬೇಡಿ. ಸಂಬಳದಲ್ಲಿ ಉಳಿದದ್ದೆಲ್ಲ ಹಾಯಿಬಟ್ಟೆಗೂ ವಾರ್ನಿಷಿಗೂ ಹೋಗುತ್ತಿತ್ತು.

ಅಂದಿನಿಂದ ಬಚ್ಚಲಿಗೆ ಗೋಣಿಪರದೆ. ಒಳಗಿದ್ದವರು ದನಿ ಮಾಡುತ್ತಲೇ ಇರಬೇಕೆಂಬುದು ಮನೆಯ ಕಾನೂನು. ಅತ್ತೆ ಚನ್ನಕ್ಕನಿಗೆ ಹಾಡು ಬರುತ್ತಿತ್ತು. ಶರಣವ್ವನಿಗೆ ಬರುತ್ತಿದ್ದದ್ದು ಮಗ್ಗಿ ಮಾತ್ರ. ಎರಡೊಂದ್ಲೆ ಎರಡರಿಂದ ಹಿಡಿದು ನೀರು ಮುಗಿಯುವ ತನಕ ಹೇಳುವಳು. ಕಾಂಪೌಂಡಿನ ಆಚೆ ಮನೆಯ ಗೋದಾಗೆ ಇದೊಂದು ರೇಡಿಯೋ ಆಗಿಬಿಟ್ಟಿತು.

"ಏನ್ರೀ ಶರಣವ್ವ, ಇವತ್ತು ಹದಿನಾರರ ಮಗ್ಗಿ ತನಕ ಹೋಗ್ಬಿಟ್ರಿ! ತಲೆಗೆ ನೀರು ಹಾಕ್ಕೊಂಡ್ರಾ?"

ಶರಣವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ವರ್ಷ ಹೀಗೇ ಉರಿದ ಮೇಲೆ ಗಂಡನನ್ನು ಹಿಡಿದು ಕೂರಿಸಿ ಕರಾರು ಮಾಡಿಕೊಂಡಳು. ಹೆಬ್ಬಾಳದ ಕೆರೆಯಲ್ಲಿ ದೋಣಿಯಿದ್ದ ನಾಲ್ಕೈದು ಮನೆಯವರು ಸೇರಿ ಗಂಡಹೆಂಡಿರ ಪಂದ್ಯ ನಡೆಸುತ್ತಿದ್ದರು. ನೀರಿನಲ್ಲಿ ತೇಲಿಬಿಟ್ಟ ಮೂರು ಡ್ರಮ್ಮು ಸುತ್ತಿ ದೋಣಿ ದಡ ಮುಟ್ಟಿದರೆ ಕದದ ಮಾತು ಎತ್ತುವಂತಿಲ್ಲ. ಮುಟ್ಟದಿದ್ದರೆ ಕದ ಬಚ್ಚಲಿಗೆ, ದೋಣಿ ಮಂಡಿಗೆ.

ಗೆಲ್ಲುವುದು ತಾನೇ ಎಂದು ಶರಣವ್ವನಿಗೆ ಖಾತ್ರಿಯಿತ್ತು. ಕಾಶಿನಾಥ ದೋಣಿಗೆ ತಗಡಿನ ಚಪ್ಪರ ಹಾಕಿ, ಹನಿ ಬಿದ್ದರೆ ಮೈ ಒರೆಸುವ ಟವೆಲಿನಿಂದ ಒರೆಸಿ, ಎರಡು ವರ್ಷ ಒಣಗಿಸಿ ಒಣಗಿಸಿ ಸಾಕಿದ್ದ. ಹಳೆಯ ಇಂಗ್ಲಿಷ್ ಪುಸ್ತಕವೊಂದನ್ನು ನೋಡಿಕೊಂಡೇ ದುರಸ್ತಿ ಮಾಡಿದ್ದ. ನೀರಿಗಿಳಿಸುವ ಅಧ್ಯಾಯವನ್ನು ಮಾತ್ರ ಹುಳು ತಿಂದಿದ್ದವು. ಶರಣವ್ವ ಬಡಿಗೇರ ಮನೆಯ ಮಗಳು. ಬೇಸಿಗೆಯಲ್ಲಿ ಬಂಡಿಯ ಗಾಲಿ ಒಣಗಿ ಸಡಿಲವಾದರೆ ಅವಳಪ್ಪ ಅದನ್ನು ಎಂಟು ದಿನ ಹಳ್ಳದಲ್ಲಿ ಮುಳುಗಿಸಿಡುತ್ತಿದ್ದ. ಮರ ನೀರು ಕುಡಿದು ಉಬ್ಬಿದರೇ ಸಂದು ಬಿಗಿಯುವುದು. ಒಣ ದೋಣಿಯನ್ನು ಏಕಾಏಕಿ ಕೆರೆಗೆ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಕೇಳಿದ್ದರೆ ತಾನೆ ಹೇಳುವುದು?

ಪಂದ್ಯದ ರವಿವಾರ ಲಾರಿಯಲ್ಲಿ ದೋಣಿ ಹೋಯಿತು. ಕೆರೆ ಕಾಯುವ ಮುನಿರಾಮಯ್ಯ ಕಾಯಿ ಒಡೆದ. ಪೂಜೆಯ ಚೊಂಬು, ರೊಟ್ಟಿಯ ಬುತ್ತಿ ಹಿಡಿದು ಶರಣವ್ವ ತನ್ನ ಕದದ ಮೇಲೆ ಕಾಲಿಟ್ಟು ಕೂತಳು. ಹಾಯಿ ಏರಿದಾಗ ಜನ ಹೋ ಎಂದರು. ನಿಜ ಹೇಳಬೇಕೆಂದರೆ ಆ ಕ್ಷಣ ದೋಣಿ ಬಲು ಚೆನ್ನಾಗಿತ್ತು, ಗಂಡನೂ ಚೆನ್ನಾಗಿದ್ದ.

ಮೊದಲ ಡ್ರಮ್ಮು ದಾಟುವಷ್ಟರಲ್ಲಿ ಪಾದ ತಣ್ಣಗಾಯಿತು. ಎರಡನೆಯದಕ್ಕೆ ಕಣಕಾಲು ಮುಳುಗಿತು. ಕದ ಮೆಲ್ಲಗೆ ಮೇಲೆದ್ದು ದೋಣಿಯೊಳಗೇ ತೇಲತೊಡಗಿತು. ಪಕ್ಕದಲ್ಲಿ ಗೋದಾ ಮತ್ತು ಅವಳ ಗಂಡ ಸೇತುರಾಮನ ಹೊಸ ಫೈಬರ್ ದೋಣಿ ಸುಯ್ಯನೆ ಹಾದುಹೋಯಿತು.

"ಶರಣವ್ವ! ಕೆರೇನ ದೋಣಿ ಒಳಗೇ ತುಂಬ್ಕೊಂಡ್ರಲ್ರೀ! ಅಲ್ಲೇ ಮಗ್ಗಿ ಶುರು ಮಾಡಿ, ಸ್ನಾನ ಮುಗಿಸ್ಕೊಂಡ್ಬಿಡಿ!"

ಕಾಶಿನಾಥನಿಗೆ ಅದು ಕೇಳಿಸಲೇ ಇಲ್ಲ. ಅವನು ದೋಣಿಯ ಪಕ್ಕೆಯನ್ನು ಜ್ವರ ಬಂದ ಮಗುವಿನಂತೆ ಸವರುತ್ತಿದ್ದ.

"ಎಲ್ಲಿ ತಪ್ಪಿದೆ ನಾ? ಒಂದು ಹನಿ ನೀರು ತಾಗಿಸಿಲ್ಲ ಇದಕ್ಕ," ಎಂದ. ಮೂಗು ಎಳೆದುಕೊಂಡ. "ಇರಲಿ ಬಿಡು. ಕದ ನಿಂದು. ದಂಡೀಗೆ ಹೊಳ್ಳಸ್ತೀನಿ."

ಗೆದ್ದಾಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಶರಣವ್ವನಿಗೆ ಗಂಡನ ಆ ಮುಖ ನೋಡಲಾಗಲಿಲ್ಲ. ತಾನು ಮಾಡಿದ್ದು ಮೋಸ ಎಂದು ಆಗ ಮೊದಲ ಸಲ ಅನಿಸಿತು.

"ಹೊಳ್ಳಸಬ್ಯಾಡ್ರಿ! ಮರಕ್ಕ ನೀರಡಿಕಿ ಆಗೇತಿ. ಕುಡೀಲಿ. ಕುಡದು ಉಬ್ಬಿದರ ತಾನ ಬಿಗೀತೈತಿ. ಅಲ್ಲೀತನಕ ನಾ ನೀರು ಗೋರತೀನಿ, ನೀವು ಹಾಯಿ ನೋಡ್ರಿ!"

ಬುತ್ತಿಯ ಬಟ್ಟೆ ಹರಿದು ದೊಡ್ಡ ಸಂದಿಗೆ ತುರುಕಿದಳು. ಚೊಂಬು ಹಿಡಿದಳು. ಕೈಗೆ ಲಯ ಬೇಕಿತ್ತು. ಬಾಯಿಗೆ ತಾನಾಗಿ ಮಗ್ಗಿ ಬಂತು. ಎರಡೊಂದ್ಲೆ ಎರಡು, ಒಂದು ಚೊಂಬು. ಎರಡೆರಡ್ಲೆ ನಾಕು, ಇನ್ನೊಂದು. ರೊಟ್ಟಿಗಳು ಸುತ್ತ ತೇಲಾಡಿದವು. ಮೂರನೆಯ ಡ್ರಮ್ಮು ಸುತ್ತಿ, ಎಲ್ಲರೂ ಊಟಕ್ಕೆ ಕೂತ ಮೇಲೆ, ಕಟ್ಟಕಡೆಗೆ ದೋಣಿ ದಡ ಮುಟ್ಟಿತು. ಆಗ ಇಪ್ಪತ್ತೊಂಬತ್ತರ ಮಗ್ಗಿ ನಡೆದಿತ್ತು.

"ನಿನಗ ಮೊದಲ ಗೊತ್ತಿತ್ತೇನ?" ಕಾಶಿನಾಥ ಸಣ್ಣಗೆ ಕೇಳಿದ.

"ಗೊತ್ತಿತ್ತು. ನನಗ ಕದ ಬೇಕಾಗಿತ್ತು."

ಅವನು ದೋಣಿಯನ್ನು ಕೆರೆಯಲ್ಲೇ ನೆನೆಯಲು ಬಿಟ್ಟು, ಮುನಿರಾಮಯ್ಯನಿಗೆ ಕಾಯಲು ಹೇಳಿ, ಒದ್ದೆ ಕದವನ್ನು ಹೊತ್ತು ಮನೆಗೆ ತಂದ. ಎತ್ತಿದರೆ ಕಳಚಿ ಬರುವಂಥ ಕೀಲು ಹಾಕಿ ಬಚ್ಚಲಿಗೆ ನಿಲ್ಲಿಸಿದ.

"ಆರು ದಿನ ನಿನಗ. ರವಿವಾರ ದೋಣಿಗೆ."

ಶರಣವ್ವ ಕದ ದೂಡಿದಳು. ಮುಚ್ಚಲಿಲ್ಲ. ನೀರು ಕುಡಿದು ಉಬ್ಬಿತ್ತು. ಒಂದು ಗೇಣು ತೆರೆದೇ ನಿಂತಿತು. ಕಾಶಿನಾಥ ಕೀಸುಳಿ ತರಲು ಓಡಿದ.

"ಮುಟ್ಟೀರಿ ಮತ್ತ!" ಎಂದು ಅಡ್ಡ ನಿಂತಳು. "ಕೀಸಿದರ ದೋಣ್ಯಾಗ ಅಲಗ್ಯಾಡತೈತಿ."

ಸೋಮವಾರ ಬೆಳಿಗ್ಗೆ ಮತ್ತೆ ಮಗ್ಗಿ ಕೇಳಿತು. ಕದ ಬಂದರೂ ಮಗ್ಗಿ ಯಾಕ್ರೀ ಎಂದು ಗೋದಾ ಕೂಗಿದಳು. ಶರಣವ್ವ ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಕದ ದಿನಕ್ಕಿಷ್ಟು ಒಣಗಿ ಶನಿವಾರ ಸಂಜೆ ಚೌಕಟ್ಟಿನಲ್ಲಿ ಟಕ್ಕೆಂದು ಕೂತಿತು. ಅವಳು ಚಿಲಕ ಹಾಕಿ, ಎರಡು ವರ್ಷದ ಮೇಲೆ ಮೊದಲ ಸಲ, ಬಾಯಿ ಮುಚ್ಚಿಕೊಂಡು ಮೀಯುತ್ತ ಕೂತಳು. ಸುಖವಾಗಿತ್ತು.

ರವಿವಾರ ಬೆಳಿಗ್ಗೆ ಗಂಡ ಏಳುವ ಮೊದಲೇ ಕದವನ್ನು ಕೀಲಿನಿಂದೆತ್ತಿ, ತಲೆಗೆ ಸಿಂಬಿ ಇಟ್ಟು, ಹೊತ್ತುಕೊಂಡು ಬೀದಿಯಲ್ಲಿ ನಿಂತಳು.

"ಏಳ್ರೀ," ಎಂದು ಕೂಗಿದಳು, "ಗಾಳಿ ಬಿಟ್ಟೈತಿ."