ಹಗ್ಗದಣ್ಣ ಮತ್ತು ಬಾಹ್ಯಾಕಾಶ ನಿಲ್ದಾಣ

ಸಿನಿಮಾದ ನಾಯಕಿ ಬೀಳಬೇಕಾದಲ್ಲಿ ಅವಳ ಬದಲಿಗೆ ತಾನು ಬಿದ್ದು, ಹಾರಬೇಕಾದಲ್ಲಿ ಹಾರಿ, ಹೊಡೆತ ತಿನ್ನಬೇಕಾದಲ್ಲಿ ತಿನ್ನುವ ಹೆಂಗಸೊಬ್ಬಳಿದ್ದಳು. ಪುಟ್ಟ ಮೈಕಟ್ಟು. ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಗುಬ್ಬಿ.

ಆ ಸಲ ಸಿಕ್ಕಿದ್ದು ಬಾಹ್ಯಾಕಾಶ ನಿಲ್ದಾಣದ ಸಿನಿಮಾ. ಪ್ಲೈವುಡ್ಡಿನ ಉದ್ದನೆಯ ಸುರಂಗಕ್ಕೆ ಬಿಳಿ ಬಣ್ಣ ಬಳಿದು, ಬಾಟಲಿ ಮುಚ್ಚಳಗಳನ್ನೇ ಗುಂಡಿಗಳೆಂದು ಅಂಟಿಸಿದ್ದರು. ಗುಬ್ಬಿ ಸೊಂಟಕ್ಕೆ ತಂತಿ ಕಟ್ಟಿಸಿಕೊಂಡು, ತೂಕವೇ ಇಲ್ಲದವಳ ಹಾಗೆ ಅದರೊಳಗೆ ತೇಲಬೇಕು.

ತಂತಿಗೆ ಸೇರಿಸಿದ ಹಗ್ಗವನ್ನು ಕೆಳಗೆ ನಿಂತು ಹಿಡಿಯುವವರು ಹಗ್ಗದಣ್ಣ. ವಯಸ್ಸಾದವರು, ಮಹಾ ಗೊಣಗುವ ಜೀವ. ಪ್ರತಿ ಶಾಟಿಗೂ ಮುಂಚೆ ಅವಳ ಬೆಲ್ಟನ್ನು ಎಳೆದೆಳೆದು ನೋಡುವರು.

"ಸಾಕು ಬಿಡಿ ಅಣ್ಣ, ಉಸಿರು ಕಟ್ಟುತ್ತೆ."

"ಕಟ್ಟಲಿ. ಮೇಲಿಂದ ಬಿದ್ದರೆ ಉಸಿರೇ ಇರಲ್ಲ."

ಒಂದು ಮಧ್ಯಾಹ್ನ ಗುಬ್ಬಿ ಚಾವಣಿಯ ಹತ್ತಿರ ತೇಲುತ್ತಿದ್ದಾಗ, ಕೆಳಗೆ ಕಂಬದಲ್ಲಿ ಹಗ್ಗವನ್ನು ಕಚ್ಚಿ ಹಿಡಿದಿದ್ದ ಕಬ್ಬಿಣದ ಕೊಕ್ಕೆ ಫಟ್ಟೆಂದು ಮುರಿಯಿತು. ಹಗ್ಗ ಸರ್ರನೆ ಓಡಿತು. ಗುಬ್ಬಿ ತಲೆಕೆಳಗಾಗಿ ಬೀಳತೊಡಗಿದಳು. ಹಗ್ಗದಣ್ಣ ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಂಬಕ್ಕೆ ಕಾಲೂರಿ, ಹಿಂದಕ್ಕೆ ವಾಲಿದರು. ಕೈಗವಸು ಹರಿದು ಅಂಗೈಯ ಚರ್ಮ ಕಿತ್ತುಬಂದರೂ ಬಿಡಲಿಲ್ಲ. ಮೂಗು ನೆಲಕ್ಕೆ ತಾಕುವಷ್ಟರಲ್ಲಿ ಗುಬ್ಬಿ ಗಾಳಿಯಲ್ಲೇ ನಿಂತಳು.

"ಭಲೇ! ಮುಖದಲ್ಲಿ ಎಂಥ ಭಯ!" ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು. ನೆಲದ ಮೇಲಿನ ರಕ್ತ ಕಂಡ ಮೇಲೆ ಡಾಕ್ಟರನ್ನು ಕರೆಯಲು ಓಡಿದ್ದೂ ಅವರೇ.

ಮರುದಿನ ಗುಬ್ಬಿ ಹಗ್ಗದಣ್ಣನ ಮನೆಗೆ ಹೋದಳು. ಅವರ ಹೆಂಡತಿ ತಂದಿಟ್ಟ ಚಹಾ ಲೋಟವನ್ನು ಎತ್ತಿ, ಊದಿ ಆರಿಸಿ, ಬ್ಯಾಂಡೇಜು ಸುತ್ತಿದ ಕೈಗಳ ಮೇಲಿಂದ ಅವರ ತುಟಿಗೆ ಹಿಡಿದಳು. ಅವಳ ಕಣ್ಣು ತುಂಬಿತ್ತು.

"ಅಳಬೇಡ ಮಾರಾಯ್ತಿ, ಚಹಾ ಉಪ್ಪಾಗುತ್ತೆ," ಎಂದರು.

ಸಿನಿಮಾ ಬಂದಾಗ ತನ್ನ ಅಮ್ಮನ ಜೊತೆ ಹಗ್ಗದಣ್ಣನನ್ನೂ ಕರೆದೊಯ್ದಳು. ಪರದೆಯ ಮೇಲೆ ತಂತಿಯೂ ಇಲ್ಲ, ಹಗ್ಗವೂ ಇಲ್ಲ. ಕಿಟಕಿಯಾಚೆ ನಕ್ಷತ್ರಗಳು, ಒಳಗೆ ಹಕ್ಕಿಯಂತೆ ಗುಬ್ಬಿ. ಕೊಕ್ಕೆ ಮುರಿದ ದಿನದ ದೃಶ್ಯ ಬಂದೊಡನೆ ಹಗ್ಗದಣ್ಣ ಕಣ್ಣು ಮುಚ್ಚಿಕೊಂಡರು.

"ಕಣ್ಣು ಬಿಡಿ ಅಣ್ಣ. ನಾನು ಬೀಳಲ್ಲ."

ಹೊರಗೆ ಬಂದ ಮೇಲೆ ಅಮ್ಮ, "ನೀನು ಅದು ಹೇಗೆ ತೇಲಿದೆಯೇ?" ಎಂದಳು. ಗುಬ್ಬಿ ನಡೆದದ್ದನ್ನೆಲ್ಲ ಹೇಳಿದಳು. ಅಮ್ಮ ಹಗ್ಗದಣ್ಣನ ಗಾಯ ಮಾಗಿದ ಅಂಗೈಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಜನ ಪಕ್ಕದಿಂದ ಹಾದುಹೋಗುತ್ತಿದ್ದರೂ, ಬಹಳ ಹೊತ್ತು ಹಾಗೇ ನಿಂತಳು.